ಶೋಧನೆ ಮತ್ತು ಎರಡನೆಯ ಬೀಗದ ಕೈ



ಶೋಧನೆಯ ಬಗ್ಗೆ ಮಾತನಾಡಲು ದೇವಶಾಸ್ತ್ರ ಓದಿದವರನ್ನು ಕರೆಯುವುದು ವಾಡಿಕೆ. ನಾನು ಓದಿದ್ದು ವಾಣಿಜ್ಯ, ದುಡಿದದ್ದು ಬ್ಯಾಂಕಿನಲ್ಲಿ, ಸಭೆಯಲ್ಲಿ ಮಾಡಿದ್ದು ಖಜಾಂಚಿ ಕೆಲಸ. ಬೇರೆ ಯಾರನ್ನಾದರೂ ಕೇಳಿ ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರಿಗೆ ಹೇಳಿದೆ. "ದುಡ್ಡು ಎಣಿಸಿದವರಿಗೆ ಶೋಧನೆ ಅಂದ್ರೇನು ಅಂತ ಗೊತ್ತಿರ್ತದೆ ಸಾರ್" ಅಂದರು. ಆ ಮಾತಿನಲ್ಲಿ ಹೊಗಳಿಕೆ ಎಷ್ಟು, ಅನುಮಾನ ಎಷ್ಟು ಎಂದು ಕೇಳಲು ಹೋಗಲಿಲ್ಲ. ಬಂದು ನಿಂತಿದ್ದೇನೆ.

ನಮ್ಮ ಸಭೆಗಳಲ್ಲಿ ಶೋಧನೆಯ ಪ್ರಸಂಗ ಬರುವುದು ಎರಡು ಸಂದರ್ಭಗಳಲ್ಲಿ. ಲೆಂಟಿನ ಮೊದಲ ಭಾನುವಾರ ಒಮ್ಮೆ, ಯುವಜನರ ಶಿಬಿರದಲ್ಲಿ ಮತ್ತೊಮ್ಮೆ. ಶಿಬಿರವಾದರೆ ಯೋಸೇಫನ ಕಥೆ ಖಾಯಂ. ಪೋಟೀಫರನ ಹೆಂಡತಿ, ಅವಳ ಕೈಯಲ್ಲಿ ಉಳಿದ ಬಟ್ಟೆ, ಅಲ್ಲಿಂದ ನೇರವಾಗಿ ಮೊಬೈಲು, ಸಿನಿಮಾ, ಸಿಗರೇಟು, ಹೆಣ್ಣುಮಕ್ಕಳ ಉಡುಪು. ಹಿಂದಿನ ಬೆಂಚಿನಲ್ಲಿ ಕೂತ, ಐವತ್ತು ದಾಟಿದ ನಾವು ತಲೆದೂಗುತ್ತೇವೆ. ಶೋಧನೆ ಹದಿಹರೆಯದ ಬಾಬತ್ತು, ನಮ್ಮದು ಮುಗಿದುಹೋಗಿದೆ ಎನ್ನುವ ಸಮಾಧಾನ ನಮ್ಮದು. ಆದರೆ ಬೈಬಲನ್ನು ತೆರೆದು ನೋಡಿದರೆ ಎಚ್ಚರಿಕೆಯ ಬೆರಳು ಹೆಚ್ಚಾಗಿ ತೋರಿಸುವುದು ಆ ಹಿಂದಿನ ಬೆಂಚನ್ನೇ.

ಪೌಲನಿಂದ ಶುರುಮಾಡೋಣ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ, ನಿಂತಿದ್ದೇನೆಂದು ನೆನೆಸುವವನು ಬೀಳದಂತೆ ನೋಡಿಕೊಳ್ಳಲಿ ಎಂಬ ಅರ್ಥದ ಮಾತು ಬರುತ್ತದೆ. ಎಚ್ಚರಿಕೆ ಇರುವುದು ಬಿದ್ದವನಿಗಲ್ಲ, ನಿಂತವನಿಗೆ. ಅದಕ್ಕೆ ಪೌಲ ಕೊಡುವ ದೃಷ್ಟಾಂತದಲ್ಲಿ ಅರಣ್ಯದಲ್ಲಿ ಸತ್ತುಬಿದ್ದವರು ಅನ್ಯರಲ್ಲ. ಎಲ್ಲರೂ ಮೋಡದ ಕೆಳಗೆ ನಡೆದವರು, ಸಮುದ್ರ ದಾಟಿದವರು, ಒಂದೇ ಮನ್ನವನ್ನು ತಿಂದವರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ದೀಕ್ಷಾಸ್ನಾನ ಆದವರು, ಕರ್ತನ ಭೋಜನಕ್ಕೆ ತಪ್ಪದವರು, ಸಭೆಯ ರಿಜಿಸ್ಟರಿನಲ್ಲಿ ಹೆಸರಿದ್ದವರು. ಅವರ ತಪ್ಪುಗಳ ಪಟ್ಟಿಯೂ ಅಲ್ಲೇ ಇದೆ: ವಿಗ್ರಹದ ಮುಂದಿನ ಔತಣ, ಜಾರತ್ವ, ದೇವರನ್ನು ಪರೀಕ್ಷಿಸಿದ್ದು, ಕೊನೆಗೆ ಗೊಣಗಿದ್ದು. ಈ ಕೊನೆಯದನ್ನು ನಾವು ಪಾಪದ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಅರ್ಧ ಗಂಟೆ ನಿಂತು ನಾವು ಮಾಡುವುದು ಅದನ್ನೇ ಅಲ್ಲವೇ?

ಕೊರಿಂಥ ಎಂಥ ಊರು ಎಂಬುದನ್ನು ನೆನಪಿಟ್ಟುಕೊಂಡರೆ ಈ ಎಚ್ಚರಿಕೆ ಇನ್ನೂ ಹತ್ತಿರವಾಗುತ್ತದೆ. ರೋಮಿನವರು ಹಾಳುಗೆಡವಿದ್ದ ಹಳೆಯ ಪಟ್ಟಣವನ್ನು ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಹೊಸ ವಸಾಹತಾಗಿ ಮಾಡಿದ. ಎರಡು ಕಡೆ ಎರಡು ಬಂದರು, ಲೆಖಾಯಾನ್ ಮತ್ತು ಕೆಂಖ್ರೆ. ಹಳೆಯ ಮನೆತನಗಳಿಗಿಂತ ಹೊಸ ದುಡ್ಡಿಗೇ ಅಲ್ಲಿ ಮಾತು ನಡೆಯುತ್ತಿತ್ತು. ರಂಗಮಂದಿರದ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ, ಪದವಿ ಸಿಕ್ಕಿದ್ದಕ್ಕೆ ಪ್ರತಿಯಾಗಿ ಸ್ವಂತ ಖರ್ಚಿನಲ್ಲಿ ಇದನ್ನು ಹಾಸಿಸಿದೆ ಎಂದು ಎರಾಸ್ತ ಎಂಬ ಅಧಿಕಾರಿ ಕೆತ್ತಿಸಿದ ಬರಹ ಇಂದಿಗೂ ಇದೆ. ಇಂಥ ಊರಲ್ಲಿ ಒಬ್ಬ ಕ್ರೈಸ್ತ ವ್ಯಾಪಾರಿಗೆ ಶೋಧನೆ ಕೊಂಬು ಬಾಲ ಹೊತ್ತುಕೊಂಡು ಬರುತ್ತಿರಲಿಲ್ಲ. ಊಟದ ಕರೆಯಾಗಿ ಬರುತ್ತಿತ್ತು. ದೇವಾಲಯದ ಆವರಣದ ಭೋಜನಶಾಲೆಯಲ್ಲಿ ಊರಿನ ದೊಡ್ಡವರ ಪಂಕ್ತಿ. ಹೋಗದಿದ್ದರೆ ಸರಕು ಕೊಳ್ಳುವವರು ಕೈತಪ್ಪುತ್ತಾರೆ, ಹೋದರೆ ಅಲ್ಲಿಯ ಪೂಜೆಯಲ್ಲಿ ಪಾಲು. ನಮ್ಮಲ್ಲಿ ಈ ಅಧ್ಯಾಯವನ್ನು ಪಕ್ಕದ ಮನೆಯವರು ಕೊಟ್ಟ ಪ್ರಸಾದದ ಪ್ರಶ್ನೆಗೆ ಮಾತ್ರ ಮೀಸಲಿಟ್ಟು, ವಾದ ಮಾಡಿ ಮುಗಿಸಿಬಿಡುತ್ತೇವೆ. ಪೌಲನಾದರೋ ಮಾರುಕಟ್ಟೆಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಬಹುದು, ಅವಿಶ್ವಾಸಿಯೊಬ್ಬ ಊಟಕ್ಕೆ ಕರೆದರೆ ಹೋಗಬಹುದು ಎನ್ನುತ್ತಾನೆ. ಯಾರಾದರೂ ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ, ಬಿಡಬೇಕು ಎನ್ನುತ್ತಾನೆ. ಅವನಿಗೆ ಹೆದರಿಕೆ ಇದ್ದದ್ದು ಲಾಭಕ್ಕಾಗಿ ಕರ್ತನ ಮೇಜಿಗೂ ವಿಗ್ರಹದ ಮೇಜಿಗೂ ಕೂರುವ ಬುದ್ಧಿಯ ಬಗ್ಗೆ.

ಅದೇ ಅಧ್ಯಾಯದ ಹದಿಮೂರನೆಯ ವಚನ ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನ ಮೇಲಿದೆ. ಶೋಧನೆಯ ಜೊತೆಗೇ ದೇವರು ತಪ್ಪಿಸಿಕೊಳ್ಳುವ ದಾರಿಯನ್ನೂ ಸಿದ್ಧಮಾಡುತ್ತಾನೆ ಎಂಬ ಭರವಸೆ ಅದು. ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ವಚನಕ್ಕೆ ಜಾಗ ಇರುವುದಿಲ್ಲ. ಆದ್ದರಿಂದ ಓಡಿಹೋಗಿರಿ ಎನ್ನುವುದು ಅಲ್ಲಿಯ ಆಜ್ಞೆ. ದಾರಿ ತೋರಿಸುವುದು ದೇವರ ಕೆಲಸ, ಕಾಲು ಎತ್ತಿಡುವುದು ನಮ್ಮದು. ಜಾರತ್ವದ ಬಗ್ಗೆ ಪೌಲನದು ಇದೇ ಮಾತು, ತಿಮೊಥೆಯನಿಗೆ ಹಣದಾಸೆಯ ಬಗ್ಗೆ ಬರೆಯುವಾಗಲೂ ಇದೇ ಮಾತು. ಎದುರಿಸಿ ನಿಲ್ಲಿರಿ ಎಂದು ಯಾಕೋಬ ಹೇಳುವುದು ಸೈತಾನನ ವಿಚಾರದಲ್ಲಿ. ನಾವು ಮಾಡುವುದು ತಿರುಗುಮುರುಗು. ಸೈತಾನ ಎಂದರೆ ಹೆದರಿ ಮನೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತೇವೆ, ಆಸೆಯ ಮುಂದೆ ಮಾತ್ರ ಧೈರ್ಯವಾಗಿ ಕೂತು ಚರ್ಚೆ ನಡೆಸುತ್ತೇವೆ. ಆಸೆಯೊಡನೆ ಚರ್ಚೆಗೆ ಕೂತವನು ಗೆದ್ದದ್ದನ್ನು ನಾನು ಕಂಡಿಲ್ಲ. ಏಕೆಂದರೆ ಎರಡೂ ಕಡೆಯ ವಕೀಲನೂ ಅವನೇ.

ಹೀಗೆ ಚರ್ಚೆಗೆ ಕೂತವನೊಬ್ಬನ ಕಥೆ ಎರಡನೆಯ ಅರಸುಗಳ ಐದನೆಯ ಅಧ್ಯಾಯದಲ್ಲಿದೆ. ಅರಾಮಿನ ಸೇನಾಪತಿ ನಾಮಾನ ಯೊರ್ದನಿನಲ್ಲಿ ಏಳು ಸಲ ಮುಳುಗಿ ಕುಷ್ಠ ವಾಸಿಮಾಡಿಕೊಂಡದ್ದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ನಾವು ಪಾಠ ನಿಲ್ಲಿಸುವುದು ಅಲ್ಲಿಗೇ. ಶೋಧನೆಯ ಪಾಠ ಶುರುವಾಗುವುದು ಅಲ್ಲಿಂದ. ನಾಮಾನ ತಂದಿದ್ದು ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಶೆಕೆಲ್ ಚಿನ್ನ, ಹತ್ತು ಜೊತೆ ಬಟ್ಟೆ. ಯೆಹೋವನಾಣೆ, ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟ ಎಲೀಷ. ಆಳು ಗೇಹಜಿ ಪಕ್ಕದಲ್ಲಿದ್ದ. ನಮ್ಮ ಯಜಮಾನ ಆ ಪರದೇಶಿಯನ್ನು ಸುಮ್ಮನೆ ಬಿಟ್ಟುಬಿಟ್ಟ ಎಂದುಕೊಂಡ. ಆಮೇಲೆ ಅವನೂ ಯೆಹೋವನಾಣೆ ಎಂದ, ಓಡಿಹೋಗಿ ಏನಾದರೂ ತರುತ್ತೇನೆ ಎಂದ. ಬೇಡ ಎನ್ನಲು ಯಜಮಾನ ಇಟ್ಟ ಆಣೆಯನ್ನೇ ಬೇಕು ಎನ್ನಲು ಆಳು ಇಟ್ಟ. ಭಕ್ತಿಯ ಮಾತು ಬಾಯಲ್ಲಿ ಸರಾಗವಾಗಿ ಬರುವವರಿಗೆ ಈ ಅಪಾಯ ಹೆಚ್ಚು. ಮಿಕ್ಕವರಿಗೆ ಕಳ್ಳತನಕ್ಕೆ ಹೊರಡುವಾಗ ಆಣೆ ನೆನಪಾಗುವುದಿಲ್ಲ.

ರಥವನ್ನು ಹಿಂದಟ್ಟಿ ಹಿಡಿದ ಗೇಹಜಿ ನನಗೆ ಕೊಡು ಎಂದು ಕೇಳಲಿಲ್ಲ. ಎಫ್ರಾಯೀಮ್ ಬೆಟ್ಟದ ಸೀಮೆಯಿಂದ ಇಬ್ಬರು ಯುವಕರು, ಪ್ರವಾದಿಗಳ ಗುಂಪಿನವರು, ಈಗತಾನೇ ಬಂದಿದ್ದಾರೆ, ಅವರಿಗೆ ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಬೇಕಂತೆ ಎಂದ. ನಾಮಾನ ಒಂದಲ್ಲ, ಎರಡು ತಗೋ ಎಂದು ಒತ್ತಾಯಮಾಡಿದ. ಒಂದು ತಲಾಂತು ಎಂದರೆ ಮೂವತ್ತು ಕಿಲೋಗೂ ಹೆಚ್ಚು. ಎರಡು ಚೀಲ, ಹೊರಲು ನಾಮಾನನ ಇಬ್ಬರು ಆಳುಗಳು. ಗುಡ್ಡದ ಹತ್ತಿರ ಬಂದಾಗ ಗೇಹಜಿ ಅವರಿಂದ ಚೀಲ ಇಳಿಸಿಕೊಂಡು, ಮನೆಯಲ್ಲಿ ಬಚ್ಚಿಟ್ಟು, ಅವರನ್ನು ಕಳಿಸಿಬಿಟ್ಟ. ನಂತರ ಒಳಗೆ ಹೋಗಿ ಯಜಮಾನನ ಮುಂದೆ ನಿಂತ. ಎಲ್ಲಿಗೆ ಹೋಗಿದ್ದೆ ಎಂದರೆ, ಎಲ್ಲಿಗೂ ಇಲ್ಲ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದು ಒಂದಿರುತ್ತದೆ. ಯಾವ ತಲೆಬರಹಕ್ಕೆ ಸೇರಿಸಬೇಕೆಂದು ತಕ್ಷಣ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿಡುತ್ತಾರೆ. ಅನುಭವಿ ಆಡಿಟರು ಶಾಖೆಗೆ ಬಂದರೆ ಟೀ ಬರುವುದರೊಳಗೆ ಆ ಖಾತೆ ತೆರೆಸುತ್ತಾನೆ. ಎಫ್ರಾಯೀಮಿನ ಆ ಇಬ್ಬರು ಯುವಕರು ಗೇಹಜಿಯ ಸಸ್ಪೆನ್ಸ್ ಖಾತೆ. ನಮ್ಮ ಹತ್ತಿರವೂ ಇಂಥವರು ಇದ್ದಾರೆ: ಮಕ್ಕಳ ಓದು, ಅತ್ತೆಯ ಆಪರೇಷನ್ನು, ಸಭೆಯ ಕಟ್ಟಡ ನಿಧಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಖೆಯಲ್ಲಿ ಒಬ್ಬ ಕ್ಯಾಷಿಯರ್ ಇದ್ದರು. ಬಹಳ ಒಳ್ಳೆಯವರು, ಯಾರಿಗೆ ಕಷ್ಟ ಎಂದರೂ ಮೊದಲು ಜೇಬಿಗೆ ಕೈ ಹಾಕುವವರು. ಜೇಬು ಬರಿದಾದಾಗ ಡ್ರಾಯರಿಗೆ ಕೈ ಹೋಯಿತು. ವಿಚಾರಣೆಯಲ್ಲಿ ಅವರು ಹೇಳಿದ್ದು, "ತೆಗೆದಿಲ್ಲ ಸ್ವಾಮಿ, ಕೈಗಡ ಅಂತ ಇಟ್ಕೊಂಡಿದ್ದೆ, ಒಂದನೇ ತಾರೀಕು ಇಡೋನಿದ್ದೆ" ಎಂದು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಎಷ್ಟೋ ಒಂದನೇ ತಾರೀಕು ನಿಜವಾಗಿಯೂ ಇಟ್ಟಿದ್ದರು.

ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ ಎಂಬ ಅರ್ಥದಲ್ಲಿ ಯಾಕೋಬ ಬರೆಯುವುದು ಈ ಕಾಲಾವಧಿಯ ಬಗ್ಗೆಯೇ. ಬಸಿರಿಗೆ ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಹೊರಗಿನವರಿಗೆ ಏನೂ ಕಾಣುವುದಿಲ್ಲ, ಭಾನುವಾರದ ಹಾಡು ನಿಲ್ಲುವುದಿಲ್ಲ. ಯೆರಿಕೋವಿನ ಕೊಳ್ಳೆಯಲ್ಲಿ ಆಕಾನ ಮಾಡಿದ್ದೂ ಹೀಗೇ: ಶಿನಾರ್ ದೇಶದ ಒಂದು ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಒಂದು ಚಿನ್ನದ ಗಟ್ಟಿ. ನೋಡಿದೆ, ಆಸೆಯಾಯಿತು, ತೆಗೆದುಕೊಂಡೆ, ಗುಡಾರದಲ್ಲಿ ಹೂತಿಟ್ಟೆ ಎಂದು ತಾನೇ ಕ್ರಮವಾಗಿ ಹೇಳಿದ. ಆ ನಿಲುವಂಗಿಯನ್ನು ಅವನು ಯಾವತ್ತಾದರೂ ಉಡುವಂತಿತ್ತೇ? ಇಡೀ ಪಾಳೆಯ ಗುರುತು ಹಿಡಿಯುತ್ತಿತ್ತು.

ದಾವೀದ ಮತ್ತು ಬತ್ಷೆಬೆಯ ಕಥೆಯನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ, ಏಕೆಂದರೆ ನಮ್ಮಲ್ಲಿ ಅದು ಬೇಗ ಹೆಣ್ಣಿನ ಮೇಲೆ ತಿರುಗಿಬಿಡುತ್ತದೆ. ನಾತಾನ ಪ್ರವಾದಿ ಅದನ್ನು ಹೇಗೆ ಓದಿದ ಎನ್ನುವುದನ್ನಷ್ಟೇ ನೋಡಿ. ಅವನು ಅರಸನ ಮುಂದೆ ಕಟ್ಟಿದ ಸಾಮತಿಯಲ್ಲಿ ಮೋಹವೇ ಇಲ್ಲ. ಒಬ್ಬ ಶ್ರೀಮಂತ, ಒಬ್ಬ ಬಡವ, ಬಡವನ ಒಂದೇ ಒಂದು ಕುರಿಮರಿ, ಅದನ್ನು ಕಿತ್ತುಕೊಂಡ ಶ್ರೀಮಂತ. ನಾತಾನನ ಪ್ರಕಾರ ದಾವೀದನ ಶೋಧನೆ ಅಧಿಕಾರದ ಶೋಧನೆ: ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ ಎಂಬ ಸ್ಥಿತಿ. ಹಾಗೆ ಓದಿದರೆ ಈ ಕಥೆ ಯುವಜನ ಶಿಬಿರಕ್ಕಿಂತ ಮೊದಲು ಸಂಸ್ಥೆಗಳ ಆಡಳಿತ ಮಂಡಳಿಯ ಸಭೆಯಲ್ಲಿ ಓದಬೇಕಾದದ್ದು.

ಕರ್ತನ ಶೋಧನೆಯ ಬಗ್ಗೆ ಲೆಂಟಿನಲ್ಲಿ ಸಾಕಷ್ಟು ಕೇಳಿರುತ್ತೀರಿ. ಹಸಿದವನಿಗೆ ರೊಟ್ಟಿ ಕೆಟ್ಟದ್ದಲ್ಲ, ಸೈತಾನ ಕೀರ್ತನೆಯ ವಚನವನ್ನೇ ಹಿಡಿದು ಬಂದ, ಇವೆಲ್ಲ ನಿಮಗೆ ಗೊತ್ತು. ಲೂಕ ಮಾತ್ರ ಹೇಳುವ ಒಂದು ವಿವರವಿದೆ. ಸೈತಾನ ಬಿಟ್ಟುಹೋದದ್ದು ತಕ್ಕ ಕಾಲ ಬರುವ ತನಕ ಮಾತ್ರ. ಆ ಕಾಲ ಯಾವುದು ಎಂದು ನನ್ನನ್ನು ಕೇಳಿದರೆ, ಮತ್ತಾಯನ ಹದಿನಾರನೆಯ ಅಧ್ಯಾಯವನ್ನು ತೋರಿಸುತ್ತೇನೆ. ಶ್ರಮೆ ನಿನಗೆ ಬೇಡವೇ ಬೇಡ ಎಂದು ಪೇತ್ರ ಕೈಹಿಡಿದು ಪಕ್ಕಕ್ಕೆ ಕರೆದೊಯ್ದು ಹೇಳುತ್ತಾನೆ. ಪ್ರೀತಿಯಿಂದ ಆಡಿದ ಮಾತು. ಯೇಸು ಅವನನ್ನು ಸೈತಾನನೇ ಎಂದು ಕರೆಯುತ್ತಾನೆ. ಕ್ರೈಸ್ತ ಮನೆಗಳಲ್ಲಿ ಶೋಧನೆ ಬರುವುದು ಬಹಳ ಸಲ ಇದೇ ದನಿಯಲ್ಲಿ. "ಎಲ್ಲರೂ ತಗೊಳ್ತಾರೆ, ನೀವೊಬ್ಬರೇ ಯಾಕೆ?" ಎಂದು ಊಟ ಬಡಿಸುತ್ತಾ ಕೇಳುವ ದನಿ. "ಒಬ್ಬಳೇ ಮಗಳು, ಮದುವೆ ಸ್ವಲ್ಪ ಜೋರಾಗಿ ಮಾಡಿ" ಎನ್ನುವ ಅಣ್ಣನ ದನಿ. ಆ ಜೋರಿನ ಬೆಲೆಯನ್ನು ನಾನು ಕೌಂಟರಿನ ಈಚೆ ಕಡೆಯಿಂದ ಕಂಡಿದ್ದೇನೆ. ಮದುವೆಗೆ ಹಾಕಿದ ಸರ ಅದೇ ವರ್ಷ ಅಡಕ್ಕೆ ಬರುತ್ತದೆ. ತೂಕ ಹಾಕುವಾಗ ಹುಡುಗಿ ಬೇರೆ ಕಡೆ ನೋಡುತ್ತಾಳೆ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನ್ನ ಪಾಲಿನ ಆಹಾರ ಸಾಕು ಎಂದು ಪ್ರಾರ್ಥಿಸಿದ ಆಗೂರನನ್ನು, ಜ್ಞಾನೋಕ್ತಿಯ ಮೂವತ್ತನೆಯ ಅಧ್ಯಾಯದವನನ್ನು, ನಮ್ಮ ಮದುವೆ ಆಮಂತ್ರಣದ ವಚನಗಳಲ್ಲಿ ನಾನು ಇನ್ನೂ ಕಂಡಿಲ್ಲ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಬಡವನಾದರೆ ಕದ್ದೇನು ಎಂದು ತನ್ನನ್ನು ತಾನೇ ನಂಬದ ಮನುಷ್ಯ ಅವನು. ನನಗೆ ಬಹಳ ಇಷ್ಟ.

ತನ್ನನ್ನು ತಾನು ನಂಬದಿರುವುದು. ನಾನು ಹೇಳಬೇಕೆಂದು ಬಂದದ್ದು ಇದೇ. ಬೈಬಲಿನ ಎಚ್ಚರಿಕೆಗಳನ್ನು ನಾವು ಮನಸ್ಸು ಗಟ್ಟಿಮಾಡಿಕೊಳ್ಳಿ ಎಂಬ ಬುದ್ಧಿಮಾತಾಗಿ ಕೇಳುತ್ತೇವೆ. ಆದರೆ ಆ ಎಚ್ಚರಿಕೆಗಳನ್ನು ತಲೆಗೆ ಹಚ್ಚಿಕೊಂಡ ಬೈಬಲಿನ ಜನ ಮಾಡಿದ್ದೇನು ಎಂದು ನೋಡಿದರೆ, ಅವರು ಮನಸ್ಸನ್ನು ಅಷ್ಟಾಗಿ ನೆಚ್ಚಿಕೊಳ್ಳದೆ ಏರ್ಪಾಡು ಮಾಡಿದರು.

ಯೆಹೂದದ ಅರಸ ಯೋವಾಷ ದೇವಾಲಯದ ದುರಸ್ತಿಗೆಂದು ಹಣವನ್ನು ಯಾಜಕರ ಕೈಗೆ ಬಿಟ್ಟಿದ್ದ. ಅವನ ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷವಾದರೂ ಬಿರುಕು ಮುಚ್ಚಿರಲಿಲ್ಲ. ಯಾರನ್ನೂ ಕಳ್ಳರೆಂದು ಕಥೆ ಕರೆಯುವುದಿಲ್ಲ. ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆಸಿ, ಯಜ್ಞವೇದಿಯ ಪಕ್ಕದಲ್ಲಿ ಇಡಿಸಿದ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಜೊತೆಯಾಗಿ ಬಂದು ಎಣಿಸಿ ಚೀಲ ಕಟ್ಟುತ್ತಿದ್ದರು. ಅರಮನೆಯವನೊಬ್ಬ, ಗುಡಿಯವನೊಬ್ಬ. ಕೆಲಸಗಾರರಿಗೆ ಹಣ ಹಂಚುವವರಿಂದ ಲೆಕ್ಕ ಕೇಳುತ್ತಿರಲಿಲ್ಲ, ಅವರು ನಂಬಿಗಸ್ತರು ಎಂಬ ಮಾತೂ ಅದೇ ಕಥೆಯಲ್ಲಿದೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಿದಾಗ ಈ ವಚನವನ್ನು ಎತ್ತಿ ತೋರಿಸಿದವರನ್ನು ನೋಡಿದ್ದೇನೆ. ಅದಕ್ಕಿಂತ ಮೊದಲಿನ ವಚನಗಳಲ್ಲಿ ಇಬ್ಬರು ಕೂತು ಎಣಿಸಿದ್ದನ್ನು ಅವರು ಓದುವುದಿಲ್ಲ.

ಎಜ್ರನದು ಇನ್ನೂ ಕಟ್ಟುನಿಟ್ಟು. ಬಾಬೆಲಿನಿಂದ ಯೆರೂಸಲೇಮಿಗೆ ಸುಮಾರು ನಾಲ್ಕು ತಿಂಗಳ ದಾರಿ. ದೇವಾಲಯದ ಬೆಳ್ಳಿಬಂಗಾರವನ್ನು ಯಾಜಕರಿಗೆ ತೂಗಿ ಕೊಟ್ಟ. ನೀವು ದೇವರಿಗೆ ಮೀಸಲಾದವರು ಎಂದೂ ಹೇಳಿದ, ಅಲ್ಲಿ ಮತ್ತೆ ತೂಗಿ ಒಪ್ಪಿಸಬೇಕು ಎಂದೂ ಹೇಳಿದ. ತಲುಪಿ ನಾಲ್ಕನೆಯ ದಿನ ತೂಗಿ, ಎಣಿಸಿ, ಬರೆದಿಟ್ಟರು. ಮೀಸಲಾದವರಿಗೆ ತಕ್ಕಡಿ ಹಿಡಿದರೆ ಅವಮಾನ ಎಂದು ಅವರಲ್ಲಿ ಯಾರೂ ಸಿಟ್ಟುಗೊಂಡಂತೆ ಕಾಣುವುದಿಲ್ಲ. ನಮ್ಮಲ್ಲಿ ಒಂದು ರಸೀದಿ ಕೇಳಿ ನೋಡಿ!

ಪೌಲನೂ ಇದೇ ದಾರಿ ಹಿಡಿದ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯದ ಸಭೆಗಳಿಂದ ಹಣ ಕೂಡಿಸುವಾಗ ತಾನೊಬ್ಬನೇ ಚೀಲ ಹೊರಲಿಲ್ಲ. ತೀತನನ್ನು ಕಳಿಸಿದ, ಜೊತೆಗೆ ಇಬ್ಬರು ಸಹೋದರರನ್ನು ಕಳಿಸಿದ, ಅವರಲ್ಲೊಬ್ಬ ಸಭೆಗಳೇ ಆರಿಸಿದವನು. ಇಷ್ಟು ದೊಡ್ಡ ಮೊತ್ತದ ವಿಚಾರದಲ್ಲಿ ಯಾರೂ ತಪ್ಪು ಹುಡುಕಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎನ್ನುವುದು ಎರಡನೆಯ ಕೊರಿಂಥದ ಎಂಟನೆಯ ಅಧ್ಯಾಯದಲ್ಲಿ ಅವನು ಕೊಡುವ ಕಾರಣ. ನಿಂತವನೇ, ಎಚ್ಚರ ಎಂದು ಬರೆದ ಕೈಯೇ ಈ ಏರ್ಪಾಡನ್ನೂ ಬರೆಯಿತು.

ಬ್ಯಾಂಕಿನ ಭದ್ರಕೋಣೆಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಒಬ್ಬರೇ ತೆರೆಯುವಂತಿಲ್ಲ. ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆ ಹಾಕಿ, ಮೇಜನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಇದರಲ್ಲಿ ಮ್ಯಾನೇಜರನಿಗೆ ಅವಮಾನವಿಲ್ಲ. ಕೆಟ್ಟ ತಿಂಗಳಿನಲ್ಲಿ, ಅತ್ತೆಯ ಆಪರೇಷನ್ನಿನ ವಾರದಲ್ಲಿ, ಅವನನ್ನು ಅವನಿಂದಲೇ ಕಾಪಾಡುವ ವಸ್ತು ಆ ಎರಡನೆಯ ಬೀಗದ ಕೈ. ಈ ಉಪನ್ಯಾಸದ ದತ್ತಿಯನ್ನೇ ನೋಡಿ. ಮೂಲಧನ ಮುಟ್ಟಬಾರದು, ಬಡ್ಡಿಯಲ್ಲಷ್ಟೇ ಉಪನ್ಯಾಸ ನಡೆಯಬೇಕು. ಮುಂದೆ ಬರುವ ಪದಾಧಿಕಾರಿಗಳ ಮುಖ ನೋಡದೆಯೇ ಹಾಕಿದ ಕರಾರು ಇದು.

ಸಭೆಗೆ ಬನ್ನಿ. ಆರಾಧನೆಯ ನಂತರ ವೆಸ್ಟ್ರಿಯ ಮೇಜಿನ ಮೇಲೆ ಕಾಣಿಕೆ ಚೀಲ ಸುರಿಯುತ್ತಾರೆ. ಹತ್ತರ ನೋಟು ಒಂದು ಕಡೆ, ಐದರ ನಾಣ್ಯ ಒಂದು ಕಡೆ, ಸುಗ್ಗಿ ಹಬ್ಬದ ಹರಾಜಿನ ದಿನವಾದರೆ ಕುಂಬಳಕಾಯಿಯ ದುಡ್ಡು, ಕೋಳಿಯ ದುಡ್ಡು ಬೇರೆ. ಇಬ್ಬರು ಎಣಿಸಿ, ಚೀಟಿ ಬರೆದು, ಇಬ್ಬರೂ ಸಹಿ ಹಾಕುವ ಪದ್ಧತಿ ಹಿರಿಯರು ಮಾಡಿಟ್ಟದ್ದು. ಈಗ ಕಂಬದ ಮೇಲೆ ಕ್ಯೂಆರ್ ಕೋಡ್ ಬಂದಿದೆ. ಒಳ್ಳೆಯದೇ. ಆದರೆ ಆ ಕೋಡು ಯಾರ ಖಾತೆಯದು? ಸಭೆಯ ಖಾತೆಗೆ ಕಾಗದಪತ್ರ ತಡವಾಯಿತು, ಸದ್ಯಕ್ಕೆ ಕಾರ್ಯದರ್ಶಿಯವರ ಫೋನಿನದೇ ಇರಲಿ ಎಂದು ಅಂಟಿಸಿದ ಚೀಟಿ ಎಷ್ಟು ಕಡೆ ಇಂದಿಗೂ ಅಲ್ಲೇ ಇದೆ? ಕಾರ್ಯದರ್ಶಿ ಒಳ್ಳೆಯವರಿರಬಹುದು. ಒಳ್ಳೆಯವರಾದ್ದರಿಂದಲೇ ಬೇಗ ತೆಗೆಯಿರಿ. ಸಭೆಯ ಹಣವೂ ಹಾಲಿನ ಹಣವೂ ಒಂದೇ ಪರದೆಯಲ್ಲಿ ಕಾಣುವಂತೆ ಮಾಡಿ, ಆಮೇಲೆ ಶೋಧನೆಗೆ ಒಳಪಡಿಸಬೇಡ ಎಂದು ಅವರ ಜೊತೆ ಕರ್ತನ ಪ್ರಾರ್ಥನೆ ಹೇಳುವುದು ನ್ಯಾಯವಲ್ಲ.

ಮನೆಯಲ್ಲಿಯೂ ಇಂಥದ್ದೇ ಏರ್ಪಾಡು ಸಾಧ್ಯ. ಕೆಲಸದವಳ ಸಂಬಳ ಆಯಾ ದಿನವೇ ಕೈಗೆ ಹೋಗಲಿ. ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂದು ಯಾಜಕಕಾಂಡ ಹೇಳುವುದು, ಉಳಿದ ಹಣ ನಮ್ಮದೇ ಎಂದು ಅನ್ನಿಸುವುದಕ್ಕೆ ಒಂದು ರಾತ್ರಿ ಸಾಕು ಎಂಬ ತಿಳುವಳಿಕೆಯಿಂದಲೂ ಇರಬೇಕು. ಗಂಡನ ಸಾಲ ಹೆಂಡತಿಗೆ ಗೊತ್ತಿರಲಿ, ಹೆಂಡತಿಯ ಚೀಟಿ ಗಂಡನಿಗೆ ಗೊತ್ತಿರಲಿ. ಹೆಚ್ಚಿನ ವಿವರ ಬೇಡ, ನಿಮ್ಮ ನಿಮ್ಮ ಮನೆ ನಿಮಗೆ ಗೊತ್ತು.

ಇಷ್ಟಾದರೂ ಬೀಳುವವರು ಬೀಳುತ್ತಾರೆ. ಬಿದ್ದವನನ್ನು ಸೌಮ್ಯವಾಗಿ ತಿದ್ದಿರಿ, ಹಾಗೆ ಮಾಡುವಾಗ ನಿಮ್ಮನ್ನೂ ನೋಡಿಕೊಳ್ಳಿ ಎಂದು ಗಲಾತ್ಯದವರಿಗೆ ಪೌಲ ಬರೆದ. ನಮ್ಮ ಪದ್ಧತಿ ಎರಡೇ: ಮುಚ್ಚಿಹಾಕುವುದು, ಇಲ್ಲವೇ ಊರು ಬಿಡಿಸುವುದು. ನಡುವಿನ ದಾರಿಯನ್ನು ಯಾಜಕಕಾಂಡದ ಆರನೆಯ ಅಧ್ಯಾಯ ಅಂಕಿಯಲ್ಲೇ ಕೊಡುತ್ತದೆ: ತೆಗೆದದ್ದನ್ನು ಪೂರ್ತಿ ಹಿಂದಿರುಗಿಸಬೇಕು, ಐದನೆಯ ಒಂದು ಪಾಲು ಸೇರಿಸಿ, ತಡಮಾಡದೆ. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ತನ್ನ ತಪ್ಪಿಗೆ ನಾಮಾನನ ಕುಷ್ಠವನ್ನೇ ಹೊತ್ತ ಗೇಹಜಿಯೂ ಎರಡನೆಯ ಅರಸುಗಳ ಎಂಟನೆಯ ಅಧ್ಯಾಯದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ, ಅರಸನಿಗೆ ಎಲೀಷನ ಕಥೆಗಳನ್ನು ಹೇಳುತ್ತಾ. ಈ ಅಧ್ಯಾಯಗಳು ನಡೆದ ಕ್ರಮದಲ್ಲೇ ಇವೆಯೋ ಇಲ್ಲವೋ ಎಂದು ವಿದ್ವಾಂಸರು ಚರ್ಚಿಸಲಿ. ಈಗಿರುವಂತೆ ಓದಿದರೆ, ಬಿದ್ದವನೊಬ್ಬನ ಸಾಕ್ಷಿಯಿಂದ ಶೂನೇಮಿನ ಹೆಣ್ಣುಮಗಳಿಗೆ ಅವಳ ಹೊಲ ಹಿಂದಕ್ಕೆ ಸಿಕ್ಕಿತು, ಅವಳು ಊರಲ್ಲಿಲ್ಲದ ಏಳು ವರ್ಷದ ಹುಟ್ಟುವಳಿಯ ಸಮೇತ.

ಹಣ ಕಟ್ಟಿದ, ತಪ್ಪೊಪ್ಪಿಕೊಂಡ ಖಜಾಂಚಿಯನ್ನು ಮತ್ತೆ ಏನು ಮಾಡಬೇಕು ಎಂದು ಹೋದಲ್ಲೆಲ್ಲ ಕೇಳುತ್ತಾರೆ. ನನ್ನ ಅಭಿಪ್ರಾಯ ಇದು: ಭೋಜನಕ್ಕೆ ಬರಲಿ, ಗಾಯನ ಮಂಡಳಿಯಲ್ಲಿ ಹಾಡಲಿ, ಶವಸಂಸ್ಕಾರಕ್ಕೆ ಹೆಗಲು ಕೊಡಲಿ, ಅವನ ಮಗಳ ಮದುವೆಗೆ ನಾವೆಲ್ಲ ಹೋಗೋಣ. ಕಾಣಿಕೆ ಚೀಲವನ್ನು ಮಾತ್ರ ಅವನ ಕೈಗೆ ಕೊಡಬೇಡಿ. ಕ್ಷಮೆ ಅರ್ಧಕ್ಕೆ ನಿಂತಿತು ಎಂದು ಇದಕ್ಕೆ ನಮ್ಮ ಸಭಾಪಾಲಕರ ಆಕ್ಷೇಪಣೆ ಇದೆ. ಪ್ರಶ್ನೋತ್ತರದ ವೇಳೆಯಲ್ಲಿ ಅವರು ಹೇಳಲಿ, ನಾನು ಕೇಳುತ್ತೇನೆ.